ಹಳಬರೂ ಹುಡುಗರೂ ಸೇರಿದ ಪಂಚಾಯಿತಿ ತಂಡ ಕಟ್ಟುವುದು ಹೇಗೆ

ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂತು ಅಂದರೆ ನಮ್ಮ ಕಡೆ ಎರಡು ಮಾತು ಶುರುವಾಗುತ್ತವೆ. ಅರಳಿಕಟ್ಟೆ ಮೇಲೆ ಕೂತವರು, ‘ಈ ಹುಡುಗ್ರಿಗೆ ಏನ್ ಗೊತ್ತು?’ ಅಂತಾರೆ. ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿಕೊಂಡವರು, ‘ಯಜಮಾನ್ರು ಕುರ್ಚಿ ಬಿಡಲ್ಲ’ ಅಂತಾರೆ. ನಾನು ತಿಪಟೂರು ಸೀಮೆಯವಳು. ಪಂಚಾಯಿತಿಯಲ್ಲಿ ಸದಸ್ಯೆಯಾಗಿದ್ದೆ, ಅಧ್ಯಕ್ಷೆಯೂ ಆಗಿದ್ದೆ. ಈಗ ನಿಲ್ಲುವುದಿಲ್ಲ. ಆದರೆ ಯಾರನ್ನು ನಿಲ್ಲಿಸಬೇಕು ಅಂತ ಪಟ್ಟಿ ಮಾಡುವಾಗ ಕರೆಯುತ್ತಾರೆ, ಹೋಗುತ್ತೇನೆ. ಅಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲನೆಯದು, ಮೀಸಲಾತಿ ಪಟ್ಟಿ ಹೊರಬೀಳುವ ತನಕ ಯಾರಿಗೂ ಮಾತು ಕೊಡಬೇಡಿ. ಯಾವ ವಾರ್ಡು ಯಾರ ಪಾಲಿಗೆ ಬರುತ್ತದೋ ಗೊತ್ತಿಲ್ಲದೆ ‘ಈ ಸಲ ನಿಮ್ಮ ಹುಡುಗನಿಗೇ’ ಅಂದುಬಿಟ್ಟರೆ ಆಮೇಲೆ ಆ ಮನೆ ಮುಂದೆ ಓಡಾಡುವುದೇ ಕಷ್ಟ.

ಪಟ್ಟಿ ಬಂದ ಮೇಲೆ ಹೆಸರು ಬರೆಯಿರಿ, ಎದುರಿಗೆ ವಯಸ್ಸನ್ನೂ ಬರೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಗೆದ್ದ ಮೇಲೆ ಇವರ ಫೋನ್ ಯಾರು ಎತ್ತುತ್ತಾರೆ? ಇದೇ ಮುಖ್ಯ. 24 ವರ್ಷದ ಸೊಸೆ ಗೆದ್ದಿರುತ್ತಾಳೆ, ಫೋನ್ ಎತ್ತುವುದು ಮಾವ. 70 ದಾಟಿದ ಅಜ್ಜಿ ಗೆದ್ದಿರುತ್ತಾರೆ, ಸಭೆಗೆ ಬಂದು ಮಾತಾಡುವುದು ಮಗ. ಕಾಗದದ ಮೇಲಿನ ವಯಸ್ಸು ನಂಬಿದರೆ ಕೆಟ್ಟಿರಿ. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿ ಆದಾಗಿನಿಂದ ಅರ್ಧ ಸೀಟು ಹೆಂಗಸರದು. ಎಷ್ಟೋ ಊರಲ್ಲಿ ಗಂಡಸರ ಸೀಟಿಗೆ ಅರವತ್ತು ದಾಟಿದ ಯಜಮಾನರು, ಹೆಂಗಸರ ಸೀಟಿಗೆ ಅವರವರ ಸೊಸೆಯಂದಿರು. ಪಟ್ಟಿ ನೋಡಿದರೆ ಹಳಬರು ಅರ್ಧ, ಹೊಸಬರು ಅರ್ಧ, ಬಹಳ ಚೆಂದ. ಒಳಗೆ ನೋಡಿದರೆ ಅದೇ ನಾಲ್ಕು ಮನೆ. ಸ್ತ್ರೀಶಕ್ತಿ ಸಂಘ ನಡೆಸಿದ, ಡೇರಿ ಲೆಕ್ಕ ನೋಡಿದ ಐವತ್ತು, ಐವತ್ತೈದರ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಕೇಳಿ. ಹುಡುಗರ ಪೈಕಿಯೂ ಯಜಮಾನರ ಮಗನಲ್ಲದ ಒಬ್ಬನನ್ನಾದರೂ ಹುಡುಕಿ.

ಇದು ಹಳ್ಳಿ ಕಾಯಿಲೆ ಮಾತ್ರ ಅಲ್ಲ ಬಿಡಿ. 2024ರ ಲೋಕಸಭೆಗೆ ನಮ್ಮ ರಾಜ್ಯದಿಂದ ಬೀದರಿನ ಸಾಗರ್ ಖಂಡ್ರೆ 26ನೇ ವಯಸ್ಸಿಗೆ, ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ 27ಕ್ಕೆ ಗೆದ್ದು ಹೋದರು. ಖುಷಿಯ ವಿಷಯವೇ. ಆದರೆ ಇಬ್ಬರ ಅಪ್ಪಂದಿರೂ ಆಗ ರಾಜ್ಯದ ಮಂತ್ರಿಗಳಾಗಿದ್ದರು. ವಯಸ್ಸು ಹೊಸದು, ಮನೆ ಹಳೆಯದು.

ಇನ್ನು ಜೋಡಿ ಹಾಕುವ ವಿಚಾರ. ನಮ್ಮಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಅನ್ನುವ ಲೆಕ್ಕ. ಹಾಗಾಗಿ ಒಂದೇ ವಾರ್ಡಿನಲ್ಲಿ ಎರಡು ಮೂರು ಸೀಟು ಇರುವುದುಂಟು. ಎಷ್ಟು ಸೀಟೋ ಮತದಾರರಿಗೆ ಅಷ್ಟು ಓಟು, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. ವಿಧಾನಸಭೆ ಚುನಾವಣೆಯಲ್ಲಿ ಇಂಥ ಅವಕಾಶ ಇಲ್ಲ. ಒಂದು ವಾರ್ಡಿಗೆ ಒಬ್ಬ ಹಳಬರು, ಒಬ್ಬ ಹೊಸಬರು ಅಂತ ನಿಲ್ಲಿಸಿ, ಇಬ್ಬರನ್ನೂ ಒಟ್ಟಿಗೆ ಮನೆ ಮನೆಗೆ ಕಳಿಸಿ. ಇದು ಪಕ್ಷದ ಚಿಹ್ನೆ ಇಲ್ಲದ ಚುನಾವಣೆ, ಒಬ್ಬೊಬ್ಬರಿಗೆ ಒಂದೊಂದು ಗುರುತು ಬರುತ್ತದೆ. ಆದ್ದರಿಂದ ಎರಡೂ ಗುರುತನ್ನು ಒಂದೇ ಕರಪತ್ರದಲ್ಲಿ ಅಚ್ಚು ಹಾಕಿಸಿ. ಬೇರೆ ಬೇರೆ ಹಾಕಿಸಿದರೆ ಕೊನೇ ಎರಡು ದಿನ ಒಬ್ಬರ ಓಟು ಇನ್ನೊಬ್ಬರು ಕೀಳಲು ಶುರು ಮಾಡುತ್ತಾರೆ.

ಜೋಡಿ ಯಾಕೆ ಅಂತ ಹುಡುಗರು ಕೇಳುತ್ತಾರೆ. ನಾನು ನೀರಿನ ವಿಷಯ ಹೇಳುತ್ತೇನೆ. ಪೈಪ್ ಲೈನಿನ ವಾಲ್ವ್ ಎಲ್ಲಿ ಹೂತಿದೆ, ಅಂಗನವಾಡಿ ಜಾಗವನ್ನು ಯಾರ ಅಪ್ಪ ಬರೀ ಬಾಯಿಮಾತಲ್ಲಿ ಕೊಟ್ಟಿದ್ದರು, ಗೋಮಾಳದ ಗಡಿಕಲ್ಲು ಮೊದಲು ಎಲ್ಲಿತ್ತು, ಇದೆಲ್ಲ ಯಾವ ಫೈಲಿನಲ್ಲೂ ಇಲ್ಲ. ಯಜಮಾನರ ತಲೆಯಲ್ಲಿದೆ. ಅದೇ ಯಜಮಾನರಿಗೆ ಪಂಚಾಯಿತಿ ಲೆಕ್ಕದ ಪಂಚತಂತ್ರ ತಂತ್ರಾಂಶದಲ್ಲಿ ಯಾರ ಕಂದಾಯ ಎಷ್ಟು ಬಾಕಿ ಅಂತ ತೆಗೆಯಲು ಬರುವುದಿಲ್ಲ. ವರ್ಷದ ಲೆಕ್ಕ ತಪಾಸಣೆಯ ಜಮಾಬಂದಿ ದಿನ ಬಿಲ್ಲಿಗೂ ಕೆಲಸಕ್ಕೂ ತಾಳೆ ನೋಡುವ ತಾಳ್ಮೆಯೂ ಇರುವುದಿಲ್ಲ. ಗೆದ್ದ ಮೊದಲ ಆರು ತಿಂಗಳಲ್ಲಿ ಜೋಡಿ ಇಬ್ಬರೂ ವಾರ್ಡು ಸುತ್ತಬೇಕು. ಹಳಬರು ಹೇಳಿದ್ದನ್ನು ಹುಡುಗರು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಬೇಕು, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಬೇಕು.

ಬೆಂಗಳೂರಲ್ಲಿ ಕೆಲಸ ಮಾಡಿಕೊಂಡು ಭಾನುವಾರ ಊರಿಗೆ ಬರುವ ಹುಡುಗ ಬೇಡ. ಎಷ್ಟೇ ಬುದ್ಧಿವಂತ ಆಗಿರಲಿ. ಸಾಮಾನ್ಯ ಸಭೆ ಸತತವಾಗಿ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಗೌರವಧನ ಪೆಟ್ರೋಲಿಗೂ ಸಾಲುವುದಿಲ್ಲ. ಆದ್ದರಿಂದ ಊರಲ್ಲೇ ತೋಟ, ಅಂಗಡಿ, ಏನಾದರೂ ಸ್ವಂತ ದುಡಿಮೆ ಇರುವವರನ್ನು ನೋಡಿ. ಬಡ ಹುಡುಗರು ನಿಲ್ಲದೇ ಇರಲು ಇದೇ ದೊಡ್ಡ ಕಾರಣ. ಚುನಾವಣೆ ಖರ್ಚನ್ನಾದರೂ ತಂಡ ಹೊತ್ತುಕೊಳ್ಳಬೇಕು. ನಿಲ್ಲಲು 21 ತುಂಬಿರಬೇಕು. ಓಟಿನ ವಯಸ್ಸು 1989ರಲ್ಲೇ 18ಕ್ಕೆ ಇಳಿಯಿತು. 18ಕ್ಕೂ 21ಕ್ಕೂ ನಡುವಿನ ಈ ಮಕ್ಕಳನ್ನು ಸುಮ್ನೆ ಬಿಡಬೇಡಿ. ವಾರ್ಡ್ ಸಭೆಗೆ ಕರೆದುಕೊಂಡು ಬನ್ನಿ. ಮುಂದಿನ ಪಟ್ಟಿ ಅವರಲ್ಲೇ ಇದೆ.

ಗೆದ್ದ ಮೇಲೆ ಜಗಳ ಹತ್ತುವುದು ಅಧ್ಯಕ್ಷ ಸ್ಥಾನಕ್ಕೆ. ಅವಧಿ 30 ತಿಂಗಳು. ‘ನಿಮಗೆ 15, ನಮಗೆ 15’ ಅಂತ ದೇವರ ಮುಂದೆ ಪ್ರಮಾಣ ಮಾಡಿಸುವ ಪದ್ಧತಿ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೆಲಸ ಕಲಿಯುವ ಹೊತ್ತಿಗೆ ಉಪವಿಭಾಗಾಧಿಕಾರಿಗೆ ರಾಜೀನಾಮೆ ಕೊಡಬೇಕು. ಅಥವಾ ಕೊಡಲ್ಲ ಅಂತ ಊರೇ ಎರಡಾಗಬೇಕು. ಮೀಸಲಾತಿ ಬಿಟ್ಟುಕೊಟ್ಟರೆ ಹೊಸಬರನ್ನು ಅಧ್ಯಕ್ಷರನ್ನಾಗಿ, ಹಳಬರನ್ನು ಉಪಾಧ್ಯಕ್ಷರನ್ನಾಗಿ ಮಾಡಿ. ಹಣ ಬಿಡುಗಡೆಗೆ ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವ, ಪೆನ್‌ಡ್ರೈವ್‌ನಂಥ ಡಾಂಗಲ್ ಅಧ್ಯಕ್ಷರ ಕೈಯಲ್ಲೇ ಇರಲಿ. ಕಂಪ್ಯೂಟರ್ ಆಪರೇಟರ್ ಡ್ರಾಯರಿನಲ್ಲಿ ಬೇಡ, ಮಾವನ ಜೇಬಲ್ಲೂ ಬೇಡ.

ಇಂತಿಷ್ಟು ವಯಸ್ಸಾದವರು ಬೇಡ ಅಂತ ಗೆರೆ ಎಳೆಯೋಣ ಅಂತಾರೆ ಕೆಲವರು. ಬಿಜೆಪಿಯಲ್ಲಿ 75ರ ಗೆರೆ ಅನ್ನುವ ಮಾತಿತ್ತು. ಆದರೂ ಯಡಿಯೂರಪ್ಪನವರು 2019ರಲ್ಲಿ ಮುಖ್ಯಮಂತ್ರಿ ಆದಾಗ ಅವರಿಗೆ 76. 2021ರ ಜುಲೈನಲ್ಲಿ ಕುರ್ಚಿ ಬಿಟ್ಟರು, ಮರುವರ್ಷ ಪಕ್ಷದ ಸಂಸದೀಯ ಮಂಡಳಿಗೆ ಬಂದರು. ಗೆರೆಗಿಂತ, ಬಿಟ್ಟವರಿಗೆ ಮುಂದೇನು ಕೆಲಸ ಅನ್ನುವುದೇ ದೊಡ್ಡದು. 1968ರಲ್ಲಿ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿ ದೆಹಲಿಗೆ ಹೋದರು, 44ರ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಹಿರಿಯರಿಗೆ ಹೋಗಲು ಒಂದು ಜಾಗ ಇತ್ತು, ಅಲ್ವಾ?

ಹಳ್ಳಿಯಲ್ಲಿ ಆ ಜಾಗ ನೀವೇ ಮಾಡಬೇಕು. ಈ ಸಲ ಸೀಟು ಇಲ್ಲ ಅಂತ ಹೇಳಲು ಹುಡುಗರನ್ನು ಕಳಿಸಬೇಡಿ. ಆ ಹಿರಿಯರ ವಾರಿಗೆಯವರೊಬ್ಬರನ್ನು ಕರೆದುಕೊಂಡು, ಪಟ್ಟಿ ಗಟ್ಟಿಯಾಗುವ ಮೊದಲೇ ಮನೆಗೆ ಹೋಗಿ. ‘ಅಣ್ಣ, ಈ ಸಲ ಇವನಿಗೆ ನೀವೇ ಸೂಚಕರಾಗಬೇಕು’ ಅಂತ ಕೇಳಿ. ನಾಮಪತ್ರಕ್ಕೆ ಸೂಚಕರ ಸಹಿ ಬೇಕೇ ಬೇಕು. ಬೈದರೂ ಬೈಯಲಿ, ಕಾಫಿ ಕುಡಿದು ಬನ್ನಿ. ಎರಡು ದಿನ ಬಿಟ್ಟು ಮತ್ತೆ ಹೋಗಿ. ಹೋಗುವ ಮುಂಚೆ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಅದೇ ವಾರ್ಡಿನಲ್ಲಿದೆಯಾ ಅಂತ ನೋಡಿಕೊಳ್ಳಿ, ಪಕ್ಕದ ವಾರ್ಡಿನವರ ಸಹಿ ನಡೆಯುವುದಿಲ್ಲ.