ದವಡೆಯ ಸುದ್ದಿ ಹೊರುವ ನರಕೋಶ: ಸ್ಲೈಸಿನಲ್ಲಿ ಗುರುತು ಹಿಡಿಯುವ ಬಗೆ

ಸಂವೇದನಾ ನರಕೋಶಗಳ ಕೋಶಕಾಯ ಸಾಮಾನ್ಯವಾಗಿ ಮಿದುಳು, ಬೆನ್ನುಹುರಿಗಳ ಹೊರಗೆ ಗ್ಯಾಂಗ್ಲಿಯನ್ ಎಂಬ ನರಗಂಟಿನಲ್ಲಿರುತ್ತದೆ. ದವಡೆ ಮುಚ್ಚುವ ಸ್ನಾಯುಗಳ ಸ್ಪಿಂಡಲ್‌ಗಳಿಂದ (ಸ್ನಾಯು ಎಷ್ಟು ಹಿಗ್ಗಿದೆ ಎಂದು ತಿಳಿಸುವ ಅಂಗಗಳು), ಹಲ್ಲಿನ ಬೇರು ಹಿಡಿದಿರುವ ನಾರುಗಳಿಂದ ಸುದ್ದಿ ತರುವ ಒಂದು ಗುಂಪು ಮಾತ್ರ ಮಿದುಳುಕಾಂಡದ ಒಳಗೇ ಕೂತಿದೆ. ಹೆಸರು ಮೀಸೆನ್ಸೆಫಾಲಿಕ್ ಟ್ರೈಜೆಮಿನಲ್ ನ್ಯೂಕ್ಲಿಯಸ್; ಇಲ್ಲಿ ನ್ಯೂಕ್ಲಿಯಸ್ ಅಂದರೆ ನರಕೋಶಗಳ ಗುಂಪು, ಟ್ರೈಜೆಮಿನಲ್ ಅಂದರೆ ಐದನೇ ಕಪಾಲ ನರ. ಲ್ಯಾಬಿನಲ್ಲಿ ನಾವು ‘ಮೆಸ್ ಫೈವ್’ ಅನ್ನುತ್ತೇವೆ. ಒಳಗಿರುವುದರಿಂದಲೇ ಇವನ್ನು ಸ್ಲೈಸಿನಲ್ಲಿ (ಮಿದುಳಿನ ತೆಳು ಜೀವಂತ ಬಿಲ್ಲೆಯಲ್ಲಿ) ಪ್ಯಾಚ್ ಮಾಡಬಹುದು, ಅಂದರೆ ಗಾಜಿನ ಪಿಪೆಟ್‌ನ ಮೊನೆಯನ್ನು ಕೋಶಕ್ಕೆ ಅಂಟಿಸಿ ಅದರ ವಿದ್ಯುತ್ತನ್ನು ಅಳೆಯಬಹುದು.

ನಾನು ಬಳಸುವುದು 8ರಿಂದ 14 ದಿನದ ಇಲಿಮರಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಯಲ್ಲಿಲ್ಲದೆ ಶುರುಮಾಡುವಂತಿಲ್ಲ. ರೆಕಾರ್ಡಿಂಗ್ ದ್ರಾವಣ (ಮಿಲಿಮೋಲಾರ್‌ನಲ್ಲಿ): ಸೋಡಿಯಂ ಕ್ಲೋರೈಡ್ 124, ಪೊಟ್ಯಾಸಿಯಂ ಕ್ಲೋರೈಡ್ 3, ಸೋಡಿಯಂ ಫಾಸ್ಫೇಟ್ 1.25, ಬೈಕಾರ್ಬೊನೇಟ್ 26, ಗ್ಲೂಕೋಸ್ 10, ಮೆಗ್ನೀಸಿಯಂ 2, ಕ್ಯಾಲ್ಸಿಯಂ 2. ಕತ್ತರಿಸುವ ದ್ರಾವಣದಲ್ಲಿ ಉಪ್ಪಿನ ಬದಲು ಸುಕ್ರೋಸ್, ಕ್ಯಾಲ್ಸಿಯಂ 0.5, ಮೆಗ್ನೀಸಿಯಂ 7. ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್‌ನ ಗುಳ್ಳೆ ಹದಿನೈದು ನಿಮಿಷ ಹಾಯಿಸಿದ ಮೇಲೆಯೇ ಕ್ಯಾಲ್ಸಿಯಂ ಹಾಕಿ. ಮೊದಲೇ ಹಾಕಿದರೆ ದ್ರಾವಣ ಹಾಲಿನಂತೆ ಕಲಕುತ್ತದೆ, ಕ್ಯಾಲ್ಸಿಯಂ ತಳ ಸೇರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಬಿಳಿ ಪದರ ಕಂಡವರಿಗೆ ಇದು ಹೊಸದಲ್ಲ.

ಕೋಶಗಳು ಹಾಳಾಗುವುದು ಹೆಚ್ಚಾಗಿ ಸೆರೆಬೆಲ್ಲಂ (ಕಿರುಮಿದುಳು) ತೆಗೆಯುವಾಗ. ಅದನ್ನು ಕಿತ್ತರೆ ಕಾಂಡಕ್ಕೆ ಅಂಟಿಸಿರುವ ನಾರಿನ ಕಟ್ಟು ಜಗ್ಗುತ್ತದೆ. ನಮ್ಮ ಕೋಶಗಳಿರುವುದು ಅದರ ಪಕ್ಕದಲ್ಲೇ, ನಾಲ್ಕನೇ ಕುಹರದ (ಮಿದುಳಿನೊಳಗಿನ ದ್ರವ ತುಂಬಿದ ಪೊಳ್ಳು) ಮೂಲೆಯಲ್ಲಿ. ಹಾಗಾಗಿ ನಾನು ಸೆರೆಬೆಲ್ಲಂ ಅಲ್ಲೇ ಬಿಡುತ್ತೇನೆ. ಮೂತಿಯ ಕಡೆಯ ಮುಖ ಕೆಳಗೆ ಬರುವಂತೆ ಫೆವಿಕ್ವಿಕ್‌ನಿಂದ ಅಂಟಿಸಿ, ವೈಬ್ರಟೋಮ್‌ನಲ್ಲಿ (ಕಂಪಿಸುವ ಬ್ಲೇಡಿನ ಕತ್ತರಿಸುವ ಯಂತ್ರ) 250 ಮೈಕ್ರಾನ್ ದಪ್ಪದ ಅಡ್ಡ ಸ್ಲೈಸ್‌ಗಳನ್ನು ತೆಗೆಯುತ್ತೇನೆ. ಅಗಲ ಕುಹರ ಕಿರಿದಾಗುತ್ತಾ ಬರುವ ಮೂರ್ನಾಲ್ಕು ಸ್ಲೈಸ್‌ಗಳೇ ಫಸಲು. ಅಲ್ಲಿಂದ ಮುಂದೆ ಕೋಶಗಳು ತೆಳ್ಳನೆ ಸಾಲಾಗಿ ಹೋಗುತ್ತವೆ. 34 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ ಕೋಣೆಯ ಉಷ್ಣತೆಯಲ್ಲಿ ಇಡಬೇಕು.

ಸೂಕ್ಷ್ಮದರ್ಶಕದಲ್ಲಿ ಮೆಸ್ ಫೈವ್ ಕೋಶ ದುಂಡಗೆ, ನುಣ್ಣಗೆ, 30–50 ಮೈಕ್ರಾನ್ ಇರುತ್ತದೆ. ಡೆಂಡ್ರೈಟ್ (ಕೋಶದ ಕವಲುಗಳು) ಕಾಣುವುದಿಲ್ಲ ಎಂದೇ ಹೇಳಬಹುದು. ಮಧ್ಯದ ಕೋಶಕೇಂದ್ರ ಬೇಯಿಸಿದ ಮೊಟ್ಟೆಯ ಭಂಡಾರದಂತೆ ಎದ್ದು ಕಂಡರೆ ಆ ಕೋಶದ ಆಸೆ ಬಿಡಿ. ಪಕ್ಕದಲ್ಲೇ ಲೋಕಸ್ ಸಿರುಲಿಯಸ್ ಎಂಬ ಇನ್ನೊಂದು ನರಕೋಶಗಳ ಗುಂಪಿದೆ, ಹೊಸಬರು ಮೋಸ ಹೋಗುವುದು ಅಲ್ಲೇ. ಅದರ ಕೋಶ ಚಿಕ್ಕದು, ಮೂಲೆಮೂಲೆಯಾಗಿರುತ್ತದೆ, ಯಾರೂ ಕೇಳದಿದ್ದರೂ ಗಡಿಯಾರದಂತೆ ಸ್ಪೈಕ್ (ಕ್ಷಣಿಕ ವಿದ್ಯುತ್ ಮಿಡಿತ) ಕೊಡುತ್ತಿರುತ್ತದೆ. ಮೆಸ್ ಫೈವ್ ಸುಮ್ಮನೆ ಕೂತಿರುತ್ತದೆ.

ಪಿಪೆಟ್ 3–4 ಮೆಗಾಓಮ್, ಒಳಗೆ ಪೊಟ್ಯಾಸಿಯಂ ಗ್ಲೂಕೊನೇಟ್, ಪಿಎಚ್ 7.3, ಸುಮಾರು 285 ಮಿಲಿಆಸ್ಮೋಲ್. ಈ ಕೋಶಗಳ ಮೈಗೆ ಗ್ಲಯಾದ (ನರಕೋಶಗಳ ಆಸರೆ ಕೋಶಗಳು) ಹೊದಿಕೆ ಇರುತ್ತದೆ. ಪಿಪೆಟ್‌ನಿಂದ ಹೊರಕ್ಕೆ ತಳ್ಳುವ ಪಾಸಿಟಿವ್ ಒತ್ತಡ ಕಡಿಮೆಯಾದರೆ ಹೊದಿಕೆ ಸರಿಯುವುದಿಲ್ಲ, ಗಿಗಾಓಮ್ ಸೀಲ್ (ಪಿಪೆಟ್ ಮತ್ತು ಕೋಶದ ಪೊರೆಯ ಬಿಗಿ ಬೆಸುಗೆ) ಆಗುವುದಿಲ್ಲ. ಕೋಶದ ಮೇಲೆ ಗುಳಿ ಬೀಳುವವರೆಗೆ ಒತ್ತಿ, ಆಮೇಲೆ ಒತ್ತಡ ಬಿಡಿ.

ಸೀಲ್ ಆಗಿ, ಪೊರೆ ಒಡೆದು ಕೋಶದ ಒಳಹೊಕ್ಕ ಮೇಲೆ ಮೊದಲ ಪರೀಕ್ಷೆ −300 ಪಿಕೊಆಂಪ್ ಕರೆಂಟ್, ಒಂದು ಸೆಕೆಂಡ್. ವೋಲ್ಟೇಜ್ ಕೆಳಗಿಳಿದು ತಾನೇ ಮೇಲಕ್ಕೆ ಬಾಗಬೇಕು. ಇದು ಎಚ್-ಕರೆಂಟ್ (ವೋಲ್ಟೇಜ್ ಇಳಿದಾಗ ತೆರೆದು ಅದನ್ನು ಮೇಲಕ್ಕೆಳೆಯುವ ಕರೆಂಟ್); 2 ಮಿಲಿಮೋಲಾರ್ ಸೀಸಿಯಂ ಹಾಕಿದರೆ ಬಾಗು ಹೋಗುತ್ತದೆ. ಎರಡನೆಯದು ಸುಮಾರು −50 ಮಿಲಿವೋಲ್ಟ್‌ಗೆ ತರುವುದು. ಆಗ ಸ್ಪೈಕ್‌ಗಿಂತ ಕೆಳಗೆ ಸಣ್ಣ ಅಲೆಗಳು ಏಳುತ್ತವೆ, ಅವುಗಳ ನೆತ್ತಿಯ ಮೇಲೆ ಸ್ಪೈಕ್‌ಗಳ ಗೊಂಚಲು.

ತೊಂದರೆ ಏನೆಂದರೆ ಈ ಅಲೆಗಳು ಸೆಕೆಂಡಿಗೆ 50–100; ನಮ್ಮ ಕರೆಂಟ್ ಲೈನಿನ ಗುನುಗೂ 50 ಹರ್ಟ್ಸ್! ನಾಚ್ ಫಿಲ್ಟರ್ (50 ಹರ್ಟ್ಸ್ ಅನ್ನು ಕತ್ತರಿಸಿ ತೆಗೆಯುವ ಶೋಧಕ) ಹಾಕಲೇಬೇಡಿ, ಗುನುಗಿನ ಜೊತೆ ಅಲೆಯೂ ಹೋಗುತ್ತದೆ. ಕೋಶವನ್ನು −70ಕ್ಕೆ ಇಳಿಸಿ ನೋಡಿ: ಕೋಶದ ಅಲೆ ಸಾಯುತ್ತದೆ, ಗುನುಗು ಅಲ್ಲಾಡದು. ವೋಲ್ಟೇಜ್ ಏರಿಸಿದರೆ ಕೋಶದ ಅಲೆ ಚುರುಕಾಗುತ್ತದೆ, ಗುನುಗು 50ರಲ್ಲೇ ಇರುತ್ತದೆ. ಇಷ್ಟಾಗಿಯೂ ಅನುಮಾನವಿದ್ದರೆ 10 ಮೈಕ್ರೋಮೋಲಾರ್ ರಿಲುಜೋಲ್ ಎಂಬ ಔಷಧ ಹಾಕಿ. ಅಲೆಗೆ ಬಲ ಕೊಡುವ ಬಿಡದೆ ಹರಿಯುವ ಸೋಡಿಯಂ ಕರೆಂಟ್ ತಗ್ಗುತ್ತದೆ, ಅಲೆಯೂ ಗೊಂಚಲೂ ನಿಲ್ಲುತ್ತವೆ.

ಒಂದಕ್ಕೊಂದು ಅಂಟಿಕೊಂಡ ಜೋಡಿ ಸಿಕ್ಕರೆ ಬಿಡಬೇಡಿ. ಇವುಗಳಲ್ಲಿ ಹಲವು ಗ್ಯಾಪ್ ಜಂಕ್ಷನ್‌ನಿಂದ (ಒಂದು ಕೋಶದಿಂದ ಇನ್ನೊಂದಕ್ಕೆ ಕರೆಂಟ್ ನೇರ ಹಾಯುವ ರಂಧ್ರಗಳು) ಬೆಸೆದಿರುತ್ತವೆ. ಎರಡನ್ನೂ ಪ್ಯಾಚ್ ಮಾಡಿ ಒಂದಕ್ಕೆ ನೆಗೆಟಿವ್ ಕರೆಂಟ್ ಕೊಡಿ, ಇನ್ನೊಂದರಲ್ಲಿ ಪುಟ್ಟ ಇಳಿತ ಕಾಣುತ್ತದೆ. ಆಮೇಲೆ ಪಾತ್ರ ಅದಲುಬದಲು ಮಾಡಿ. ಎರಡೂ ದಿಕ್ಕಿನಲ್ಲಿ ಇಳಿತ ಬಂದರಷ್ಟೇ ನೋಟ್‌ಬುಕ್‌ನಲ್ಲಿ ‘ಬೆಸೆದಿದೆ’ ಎಂದು ಬರೆಯಿರಿ.