ಓದುಬಳಗದಲ್ಲಿ ಜೀನ್ ತಿದ್ದುಪಡಿಯ ಸರಿ-ತಪ್ಪು: ನಾಲ್ಕು ಕೂಟ ನಡೆಸುವ ಬಗೆ

ಮನುಷ್ಯರ ಜೀನ್ ತಿದ್ದಬಹುದೇ ಎಂಬ ಚರ್ಚೆ ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಮೊದಲ ಇಪ್ಪತ್ತು ನಿಮಿಷದಲ್ಲೇ. ಒಬ್ಬರು ಬಿಟಿ ಬದನೆಗೆ ಹೋಗುತ್ತಾರೆ, ಇನ್ನೊಬ್ಬರು ಹಿಟ್ಲರ್‌ಗೆ, ಮತ್ತೊಬ್ಬರು "ದೇವರ ಕೆಲಸಕ್ಕೆ ಕೈ ಹಾಕಬಾರದು" ಎಂದು ಬಾಗಿಲು ಹಾಕಿಬಿಡುತ್ತಾರೆ. ಮೂರು ಮಾತಿಗೂ ಜಾಗವಿದೆ. ತೊಂದರೆ ಏನೆಂದರೆ, ಮಾತಾಡುತ್ತಿರುವುದು ಯಾವುದರ ಬಗ್ಗೆ ಎಂಬುದೇ ಅಷ್ಟು ಹೊತ್ತಿಗೆ ಇತ್ಯರ್ಥವಾಗಿರುವುದಿಲ್ಲ. ಆದ್ದರಿಂದ ಕೂಟ ನಡೆಯುವ ಕೋಣೆಯ ಗೋಡೆಗೆ ಮೂರು ಪ್ರಶ್ನೆ ದಪ್ಪಕ್ಷರದಲ್ಲಿ ಅಂಟಿಸಿ: ಯಾವ ಜೀವಕೋಶ? ಯಾವ ಕಾಯಿಲೆ? ಬೇರೆ ದಾರಿ ಇತ್ತೇ? ಯಾರು ಏನು ವಾದಿಸಿದರೂ ಮೊದಲು ಈ ಮೂರಕ್ಕೆ ಉತ್ತರ ಹೇಳಬೇಕು.

ಎಂಟರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಡಾಕ್ಟರೋ ವಿಜ್ಞಾನದ ಮೇಷ್ಟ್ರೋ ಮಾತಾಡಿ ಉಳಿದವರು ತಲೆಯಾಡಿಸುವ ಉಪನ್ಯಾಸವಾಗುತ್ತದೆ. ಮೂರು ವಾರಕ್ಕೊಂದರಂತೆ ನಾಲ್ಕು ಕೂಟ, ಒಂದೊಂದೂ 90 ನಿಮಿಷ, ಪ್ರತಿ ಸಲ ಓದಬೇಕಾದ್ದು 60 ಪುಟ ಮೀರದಿರಲಿ. ಬಳಗದಲ್ಲಿ ಡಾಕ್ಟರಿದ್ದರೆ ಅವರನ್ನು ನಿರ್ವಾಹಕರನ್ನಾಗಿ ಮಾಡಬೇಡಿ, ಕೇಳಿದಾಗ ಮಾತ್ರ ಉತ್ತರಿಸುವ ಕುರ್ಚಿಯಲ್ಲಿ ಕೂರಿಸಿ. ಅಮೆರಿಕದ ಕನ್ನಡಿಗರೂ ಆನ್‌ಲೈನಿನಲ್ಲಿ ಸೇರುವುದಾದರೆ ಶನಿವಾರ ಸಂಜೆ 7:30 ಅನುಕೂಲ. ಬೇಸಿಗೆಯಲ್ಲಿ ಅದು ನ್ಯೂಯಾರ್ಕಿಗೆ ಬೆಳಗ್ಗೆ 10, ಕ್ಯಾಲಿಫೋರ್ನಿಯಾಕ್ಕೆ 7. ನವೆಂಬರಿನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಕ್ಯಾಲಿಫೋರ್ನಿಯಾದವರು 6 ಗಂಟೆಗೇ ಏಳಬೇಕು, ಆಗ ಹಾಜರಿ ಕುಸಿಯುತ್ತದೆ. ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.

ಓದಿಗೆ ಒಂದೇ ದಪ್ಪ ಪುಸ್ತಕ ಹಿಡಿಯುವುದಕ್ಕಿಂತ ತೆಳುವಾದ ಒಂದು ಪುಸ್ತಕ, ಒಂದು ಲೇಖನ, ಒಂದು ವರದಿ ಒಳ್ಳೆಯದು. ಪುಸ್ತಕ: ಅಮೆರಿಕದ ತತ್ವಚಿಂತಕ ಮೈಕೆಲ್ ಸ್ಯಾಂಡಲ್ ಅವರ 'ದಿ ಕೇಸ್ ಎಗೇನ್ಸ್ಟ್ ಪರ್ಫೆಕ್ಷನ್' (2007). ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಬರುವ ಮೊದಲೇ ಬರೆದದ್ದು. ತಂತ್ರಜ್ಞಾನ ಬದಲಾದರೂ ವಾದ ಎಷ್ಟು ಉಳಿದಿದೆ ಎಂದು ಅಳೆಯಬಹುದು ಎಂಬ ಕಾರಣಕ್ಕೇ ಅದು ಬೇಕು. ಅದಕ್ಕೆ ಎದುರಾಳಿಯಾಗಿ ನೀತಿಚಿಂತಕ ಜೂಲಿಯನ್ ಸವುಲೆಸ್ಕು 2001ರಲ್ಲಿ ಬರೆದ 'ಪ್ರೊಕ್ರಿಯೇಟಿವ್ ಬೆನಿಫಿಸೆನ್ಸ್' ಲೇಖನ. ವರದಿ: ಜೀವವಿಜ್ಞಾನದ ಸರಿ-ತಪ್ಪು ಚರ್ಚಿಸುವ ಬ್ರಿಟನ್ನಿನ ಸಂಸ್ಥೆ ನಫೀಲ್ಡ್ ಕೌನ್ಸಿಲ್ ಭ್ರೂಣದ ಜೀನ್ ತಿದ್ದುಪಡಿಯ ಬಗ್ಗೆ 2018ರ ಜುಲೈನಲ್ಲಿ ಹೊರತಂದದ್ದು, ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಬೇಕಿಲ್ಲ, ತೀರ್ಮಾನ ಮತ್ತು ಶಿಫಾರಸುಗಳ ಭಾಗ ಸಾಕು. ಪುಸ್ತಕದ ಕಳ್ಳ ಪಿಡಿಎಫ್ ಗುಂಪಿನಲ್ಲಿ ಹಂಚಬೇಡಿ. ನೀತಿಯ ಚರ್ಚೆಗೆ ಅದು ಒಳ್ಳೆಯ ಶುರುವಲ್ಲ.

ಇಂಗ್ಲಿಷ್ ಓದು ಕಷ್ಟವೆನ್ನುವವರಿಗಾಗಿ ಇಬ್ಬರು ಸೇರಿ ಪ್ರತಿ ಓದಿಗೂ ಎರಡು ಪುಟದ ಕನ್ನಡ ಸಾರ ಬರೆಯಲಿ. ಒಬ್ಬರೇ ಬರೆದರೆ ಅವರ ಒಲವು ಅದರಲ್ಲಿ ನುಸುಳುತ್ತದೆ. ಯಂತ್ರಾನುವಾದ ಬಳಸಿದರೆ 'ಜರ್ಮ್‌ಲೈನ್' ಎಂಬ ಪದವನ್ನು ಕಣ್ಣಿಟ್ಟು ನೋಡಿ. ಅದಕ್ಕೂ ರೋಗಾಣುವಿಗೂ ಸಂಬಂಧವಿಲ್ಲ. ಅದು ಅಂಡ, ವೀರ್ಯಾಣು, ಎಳೆಯ ಭ್ರೂಣ, ಅಂದರೆ ಮುಂದಿನ ಪೀಳಿಗೆಗೆ ದಾಟುವ ಕೋಶಗಳ ಮಾತು. 'ಸಂತಾನಕೋಶ' ಎಂದಿಟ್ಟುಕೊಳ್ಳಿ. ಉಳಿದವೆಲ್ಲ ದೇಹಕೋಶ, ಅಲ್ಲಿ ಮಾಡಿದ ಬದಲಾವಣೆ ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ಈ ಗೆರೆ ಗಟ್ಟಿಯಾಗದೆ ಎರಡನೇ ಕೂಟಕ್ಕೆ ಹೋಗಬೇಡಿ.

ಮೊದಲ ಕೂಟ: ಕತ್ತರಿ ಮತ್ತು ಚೀಟಿ

ಬಂದವರಿಗೆ ಮೊದಲು ಒಂದು ಚೀಟಿ ಕೊಡಿ. ಅದರಲ್ಲಿ ನಾಲ್ಕು ಸಂದರ್ಭ. ಒಂದು, ಸಿಕಲ್ ಸೆಲ್ ಕಾಯಿಲೆಯ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ವಯಸ್ಕರೊಬ್ಬರ ರಕ್ತದ ಕಾಂಡಕೋಶ, ಅಂದರೆ ರಕ್ತಕಣ ಹುಟ್ಟಿಸುವ ಮೂಲಕೋಶ ತಿದ್ದುವುದು. ಎರಡು, ತಂದೆತಾಯಿ ಇಬ್ಬರೂ ಆ ಕಾಯಿಲೆಯ ವಾಹಕರಷ್ಟೇ ಆಗಿರುವಾಗ (ದೋಷವಿರುವ ಜೀನ್‌ನ ಒಂದೇ ಪ್ರತಿ ಇದೆ, ಕಾಯಿಲೆ ಇಲ್ಲ) ಭ್ರೂಣ ತಿದ್ದುವುದು. ಮೂರು, ಇಬ್ಬರಿಗೂ ಕಾಯಿಲೆಯೇ ಇರುವಾಗ ಭ್ರೂಣ ತಿದ್ದುವುದು. ನಾಲ್ಕು, ಎತ್ತರಕ್ಕಾಗಿ ಭ್ರೂಣ ತಿದ್ದುವುದು. ಪ್ರತಿಯೊಂದಕ್ಕೂ ಎಷ್ಟು ಸರಿ ಎಂದು 1ರಿಂದ 5ರವರೆಗೆ ಅಂಕ, ಹೆಸರು ಬರೆದು ಕವರಿಗೆ. ಯಾರೂ ಈಗ ತೆರೆಯಬಾರದು. "ಜೀನ್ ತಿದ್ದುಪಡಿ ಸರಿಯೋ ತಪ್ಪೋ" ಎಂದು ಒಂದೇ ಪ್ರಶ್ನೆ ಕೇಳಿದರೆ ಬರುವುದು ಅವರವರ ಸ್ವಭಾವ, ಅಭಿಪ್ರಾಯವಲ್ಲ.

ಆಮೇಲೆ ಕಾಗದ ಕತ್ತರಿಯ ಆಟ. "ಕಮಲ ಕೊಳದಲ್ಲಿ ಅರಳಿತು" ಎಂದು ಬರೆದ ಪಟ್ಟಿ ಹಂಚಿ. ಮೊದಲ ಅಕ್ಷರದ ಪಕ್ಕ ಕತ್ತರಿಸಿ ಮತ್ತೆ ಅಂಟಿಸಲು ಹೇಳಿ, ಆದರೆ ಅಂಟಿಸುವಾಗ ಅಂಚಿನ ಒಂದಕ್ಷರ ಹಾರಿಹೋಗಬೇಕು. ಕಮಲ ಮಲವಾಗುತ್ತದೆ. ನಕ್ಕು ಮುಗಿದ ಮೇಲೆ ವಿವರಿಸಿ: ಕ್ರಿಸ್ಪರ್‌ನ ದಾರಿ ತೋರುವ ತುಣುಕಾದ ಗೈಡ್ ಆರ್‌ಎನ್‌ಎ ಡಿಎನ್‌ಎಯಲ್ಲಿ ಸುಮಾರು 20 ಅಕ್ಷರ ಹೊಂದುವ ಜಾಗ ಹುಡುಕುತ್ತದೆ, ಕ್ಯಾಸ್9 ಎಂಬ ಕಿಣ್ವ ಅಲ್ಲಿ ಕತ್ತರಿಸುತ್ತದೆ, ಜೋಡಿಸುವ ಕೆಲಸ ಮಾತ್ರ ಜೀವಕೋಶದ್ದು. ಆ ಜೋಡಣೆಯಲ್ಲಿ ಅಕ್ಷರ ಬೀಳುವುದೂ ಸೇರುವುದೂ ಉಂಟು. ಮನುಷ್ಯರ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳ ಪಠ್ಯದಲ್ಲಿ ಅದೇ ಬಗೆಯ ಸಾಲು ಬೇರೆಡೆ ಇದ್ದರೆ ಅಲ್ಲೂ ಕತ್ತರಿ ಬೀಳಬಹುದು. ಬಿಟಿ ಬದನೆಯ ಪ್ರಶ್ನೆ ಏಳುವುದು ಇಲ್ಲೇ. ಅದು ಹೊರಗಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕುಲಾಂತರಿ, ಇದು ಇದ್ದದ್ದನ್ನು ತಿದ್ದುವುದು ಎಂದು ಎರಡು ನಿಮಿಷದಲ್ಲಿ ಮುಗಿಸಿ.

ಎರಡನೇ ಕೂಟ: ಸಿಕಲ್ ಸೆಲ್

ಇದಕ್ಕೆ ಪೂರ್ತಿ 90 ನಿಮಿಷ ಕೊಡಿ, ಕನ್ನಡದ ಬಳಗಕ್ಕೆ ಅತಿ ಹತ್ತಿರದ ಪ್ರಕರಣ ಇದೇ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಈ ಕಾಯಿಲೆ ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ಕಾಯಿಲೆಯ ನಿರ್ಮೂಲನೆ ಅದರ ಗುರಿ.

ಅದೇ ವರ್ಷ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಕ್ಯಾಸ್‌ಜೆವಿ ಎಂಬ ಕ್ರಿಸ್ಪರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ: ಈ ಚಿಕಿತ್ಸೆ ಕಾಯಿಲೆ ತಂದ ಅಕ್ಷರವನ್ನೇ ಸರಿಪಡಿಸುತ್ತದೆ ಎಂದುಕೊಳ್ಳುವುದು. ಹಾಗಲ್ಲ. ಹುಟ್ಟಿದ ಮೇಲೆ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ತಯಾರಿಕೆಯನ್ನು ತಡೆಹಿಡಿಯುವ ಬಿಸಿಎಲ್11ಎ ಎಂಬ ಜೀನ್‌ನ ನಿಯಂತ್ರಣ ಭಾಗವನ್ನು ಅದು ಕೆಡಿಸುತ್ತದೆ. ತಡೆ ಸಡಿಲವಾಗಿ ಹಳೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಕೆಟ್ಟ ಬೀಗ ರಿಪೇರಿ ಮಾಡದೆ ಹಿತ್ತಲ ಬಾಗಿಲು ತೆರೆದಂತೆ. ಇದನ್ನು ಹೇಳದಿದ್ದರೆ 'ತಪ್ಪು ತಿದ್ದುವುದು' ಎಂಬ ಪದದ ಮೇಲೇ ಇಡೀ ವಾದ ನಿಂತುಬಿಡುತ್ತದೆ.

ಬೆಲೆ ಮತ್ತು ನೋವಿನ ಲೆಕ್ಕ ಬೋರ್ಡಿನ ಮೇಲೆ ಬರೆಯಿರಿ. ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಇದರ ದರ 22 ಲಕ್ಷ ಡಾಲರ್, ಆ ಹೊತ್ತಿನ ವಿನಿಮಯದಲ್ಲಿ ಸುಮಾರು 18 ಕೋಟಿ ರೂಪಾಯಿ. ಹೊರತೆಗೆದು ತಿದ್ದಿದ ಕೋಶ ಒಳಬಿಡುವ ಮೊದಲು ಎಲುಬಿನ ಹಳೆಯ ಮಜ್ಜೆಯನ್ನು ಕೀಮೋಥೆರಪಿಯಿಂದ ಖಾಲಿ ಮಾಡಬೇಕು, ಅದರಿಂದ ಸಂತಾನಶಕ್ತಿ ಹೋಗುವ ಅಪಾಯವಿದೆ. 2023ರ ಒಪ್ಪಿಗೆ ಇದ್ದದ್ದು 12 ವರ್ಷದಿಂದ ಮೇಲ್ಪಟ್ಟವರಿಗೆ. ಹನ್ನೆರಡರ ಹುಡುಗಿಯ ಪರವಾಗಿ ಆ ಅಪಾಯಕ್ಕೆ ಒಪ್ಪಿಗೆ ಕೊಡುವವರು ಯಾರು? ಈ ಪ್ರಶ್ನೆ ಕೇಳಿ ಎರಡು ನಿಮಿಷ ಮೌನವಾಗಿ ಬರೆಯಲು ಬಿಡಿ, ಇಲ್ಲವಾದರೆ ಜೋರು ದನಿಯವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ನಂತರ ಭ್ರೂಣದ ಕಡೆ ತಿರುಗಿ. ಇಬ್ಬರು ವಾಹಕರ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಐವಿಎಫ್‌ನಲ್ಲಿ (ಪ್ರನಾಳ ಶಿಶು ಕ್ರಮ) ಭ್ರೂಣ ಪರೀಕ್ಷಿಸಿ ಕಾಯಿಲೆ ಇಲ್ಲದ್ದನ್ನು ಆರಿಸಬಹುದಾದ್ದರಿಂದ ತಿದ್ದಲೇಬೇಕೆಂಬ ವಾದ ಅಲ್ಲಿ ಸೊರಗುತ್ತದೆ. ಇಬ್ಬರಿಗೂ ಕಾಯಿಲೆಯೇ ಇದ್ದರೆ ಆರಿಸಲು ಏನೂ ಉಳಿಯುವುದಿಲ್ಲ. ಚೀಟಿಯ ಎರಡು ಮತ್ತು ಮೂರನೇ ಸಂದರ್ಭದ ನಡುವಿನ ಅಂತರ ಇದು, ಬಹಳ ಜನ ಅದನ್ನು ಮೊದಲ ಸಲ ಕಾಣುವುದು ಇಲ್ಲೇ.

ಒಂದು ಎಚ್ಚರಿಕೆ. ಕೂಟದಲ್ಲಿ ಯಾರ ಮನೆಯಲ್ಲಿ ತಲಸೇಮಿಯಾದಂಥ ಆನುವಂಶಿಕ ರಕ್ತದ ಕಾಯಿಲೆ ಇದೆಯೋ, ಯಾರ ಮಗುವಿಗೆ ಅಂಗವೈಕಲ್ಯವಿದೆಯೋ ನಿಮಗೆ ಗೊತ್ತಿರುವುದಿಲ್ಲ. ಮನೆಯ ಕಾಯಿಲೆಯ ಬಗ್ಗೆ ಯಾರನ್ನೂ ಕೇಳುವಂತಿಲ್ಲ, ಹೇಳಿದ್ದು ವಾಟ್ಸ್ಯಾಪಿಗೆ ಹೋಗುವಂತಿಲ್ಲ ಎಂದು ಆರಂಭದಲ್ಲೇ ಸಾರಿ. "ಇಂಥ ಮಕ್ಕಳು ಹುಟ್ಟದಿದ್ದರೇ ಒಳ್ಳೆಯದು" ಎಂಬ ಮಾತು ಬಂದೇ ಬರುತ್ತದೆ. ಬಂದಾಗ ಬೈಯಬೇಡಿ, ಗೋಡೆಯ ಮೇಲಿನ ಎರಡನೇ ಪ್ರಶ್ನೆ ತೋರಿಸಿ.

ಮೂರನೇ ಕೂಟ: ಶೆನ್‌ಜೆನ್

2018ರ ನವೆಂಬರಿನಲ್ಲಿ ಚೀನಾದ ಶೆನ್‌ಜೆನ್ ನಗರದ ವಿಜ್ಞಾನಿ ಹೆ ಜಿಯಾನ್‌ಕುಯಿ, ಭ್ರೂಣದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದರು. ನಫೀಲ್ಡ್ ವರದಿ ಬಂದು ಆಗ ನಾಲ್ಕೇ ತಿಂಗಳು. ಆ ವರದಿ ಭ್ರೂಣ ತಿದ್ದುಪಡಿಯನ್ನು ಸಾರಾಸಗಟಾಗಿ ತಳ್ಳಿಹಾಕಿರಲಿಲ್ಲ. ಹುಟ್ಟುವ ವ್ಯಕ್ತಿಯ ಹಿತ ಒಂದು, ಸಾಮಾಜಿಕ ನ್ಯಾಯ ಮತ್ತು ಒಗ್ಗಟ್ಟು ಇನ್ನೊಂದು, ಹೀಗೆ ಎರಡು ಒರೆಗಲ್ಲು ಇಟ್ಟಿತ್ತು. ಬಳಗವನ್ನು ಎರಡು ಗುಂಪು ಮಾಡಿ ಗುಂಪಿಗೆ ಒಂದೊಂದು ಒರೆಗಲ್ಲು ಕೊಟ್ಟು ಈ ಪ್ರಕರಣ ತಿಕ್ಕಿ ನೋಡಲು ಹೇಳಿ.

ಅದಕ್ಕೆ ಬೇಕಾದ ಸಂಗತಿ ಇಷ್ಟು. ತಂದೆಗೆ ಎಚ್‌ಐವಿ ಇತ್ತು, ತಾಯಿಗೆ ಇರಲಿಲ್ಲ. ವೀರ್ಯ ತೊಳೆಯುವ ಕ್ರಮದಿಂದಲೇ ಸೋಂಕು ತಪ್ಪಿಸಬಹುದಿತ್ತು, ಅದನ್ನು ಮಾಡಿಯೂ ಇದ್ದರು. ತಿದ್ದಿದ್ದು ಎಚ್‌ಐವಿ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲನ್ನು ತಯಾರಿಸುವ ಸಿಸಿಆರ್5 ಜೀನ್, ಆದರೆ ಕೆಲವರಲ್ಲಿ ಸಹಜವಾಗಿ ಕಾಣುವ ರಕ್ಷಣೆಯ ಬದಲಾವಣೆ ಮೂಡಲಿಲ್ಲ, ಬೇರೇನೋ ಆಯಿತು. ಒಬ್ಬಳಲ್ಲಂತೂ ಜೀನ್‌ನ ಒಂದು ಪ್ರತಿ ಮಾತ್ರ ಬದಲಾಯಿತು. ಒಪ್ಪಿಗೆ ಪತ್ರದಲ್ಲಿ ಇದನ್ನು ಏಡ್ಸ್ ಲಸಿಕೆಯ ಯೋಜನೆ ಎಂದು ಕರೆದಿತ್ತು. 2019ರ ಡಿಸೆಂಬರಿನಲ್ಲಿ ಹೆ ಜಿಯಾನ್‌ಕುಯಿ ಅವರಿಗೆ ಮೂರು ವರ್ಷ ಸೆರೆ, 30 ಲಕ್ಷ ಯುವಾನ್ ದಂಡ ವಿಧಿಸಲಾಯಿತು. ಭಾರತದಲ್ಲಾದರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2019ರ ಜೀನ್ ಚಿಕಿತ್ಸೆಯ ಮಾರ್ಗಸೂಚಿ ಸಂತಾನಕೋಶದ ಚಿಕಿತ್ಸೆಗೆ ಅವಕಾಶ ಕೊಡುವುದಿಲ್ಲ. ಮಾರ್ಗಸೂಚಿಗೂ ಕಾನೂನಿಗೂ ಇರುವ ವ್ಯತ್ಯಾಸವನ್ನು ಬಳಗದ ವಕೀಲರಿದ್ದರೆ ಅವರಿಗೆ ಬಿಡಿ.

ಕೂಟ 'ಖಳನಾಯಕನ ಕಥೆ'ಯಾಗಿ ಸುಲಭವಾಗಿ ಮುಗಿದುಬಿಡುವ ಅಪಾಯವಿದೆ. ತಡೆಯಲು ಕೊನೆಯ ಹದಿನೈದು ನಿಮಿಷಕ್ಕೆ ಒಂದೇ ಪ್ರಶ್ನೆ ಇಡಿ: ತಂತ್ರ ಪಕ್ವವಾಗಿ, ಒಪ್ಪಿಗೆ ಪ್ರಾಮಾಣಿಕವಾಗಿದ್ದರೆ ಇದು ಸರಿಯಾಗುತ್ತಿತ್ತೇ?

ನಾಲ್ಕನೇ ಕೂಟ: ಒಳ್ಳೆಯ ಮಗು

ಸ್ಯಾಂಡಲ್ ಪುಸ್ತಕ ತೆರೆದುಕೊಳ್ಳುವುದು ಕಿವುಡು ಮಗುವೇ ಬೇಕೆಂದು ಬಯಸಿದ ಕಿವುಡ ದಂಪತಿಯ ಪ್ರಸಂಗದಿಂದ. ಮಗುವನ್ನು ಬಂದ ಹಾಗೆ ಬರಮಾಡಿಕೊಳ್ಳುವ ಮನಸ್ಸು ಇಂಥ ಆಯ್ಕೆಗಳಿಂದ ಕಳೆದುಹೋಗುತ್ತದೆ ಎಂಬುದು ಸ್ಯಾಂಡಲ್ ಅವರ ಆತಂಕ. ಸವುಲೆಸ್ಕು ತದ್ವಿರುದ್ಧ: ಆಗಬಹುದಾದ ಮಕ್ಕಳಲ್ಲಿ ಅತ್ಯುತ್ತಮ ಬದುಕು ಕಾಣಬಹುದಾದದ್ದನ್ನು ಆರಿಸಬೇಕು. ನಮ್ಮಲ್ಲಿ ಇದನ್ನು ನೆಲಕ್ಕಿಳಿಸಲು 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಸಾಕು. ತಂದೆತಾಯಿಯ ಆಯ್ಕೆ ಅವರ ಖಾಸಗಿ ವಿಷಯ ಎನ್ನುವವರು ಆ ಕಾಯ್ದೆಯನ್ನು ಹೇಗೆ ಸಮರ್ಥಿಸುತ್ತಾರೆ, ಕೇಳಿ.

ಕೊನೆಯ ಇಪ್ಪತ್ತು ನಿಮಿಷ ಅದೇ ಚೀಟಿ ಮತ್ತೆ ತುಂಬಿಸಿ, ನಂತರ ಕವರು ತೆರೆದು ಅವರವರ ಹಳೆಯ ಚೀಟಿ ವಾಪಸು ಕೊಡಿ. ಸರಾಸರಿ ತೆಗೆಯಬೇಡಿ, ಹತ್ತು ಜನರ ಸರಾಸರಿಗೆ ಅರ್ಥವಿಲ್ಲ. ಎರಡಂಕಕ್ಕಿಂತ ಹೆಚ್ಚು ಬದಲಾದವರು ಯಾವ ಸಂದರ್ಭದಲ್ಲಿ ಬದಲಾದರು, ಯಾವ ಸಂಗತಿಯಿಂದ ಎಂದು ಒಂದೊಂದು ವಾಕ್ಯ ಹೇಳಲಿ. ಒಂದಂಕವೂ ಬದಲಾಗದವರಿದ್ದರೆ ಅವರಿಗೂ ಅದೇ ಒಂದು ವಾಕ್ಯದ ಸಮಯ.