ಏಜೆಂಟ್‌ದಲ್ಲ, ತಪ್ಪು ನನ್ನ ವಿವರಣೆಯದು

ರಾಯಚೂರಿನ ಒಂದು ಅಕ್ಕಿ ಗಿರಣಿಗೆ ಬಿಲ್ಲಿಂಗ್ ಕೋಡ್ ಬರೆಯುತ್ತಿದ್ದೇನೆ. ಕೋಡ್ ತಿದ್ದಲು ಬಳಸುವ ಎಐ ಏಜೆಂಟ್‌ಗೆ, ಕೋಡ್ ಸರಿಯಿದೆಯೇ ಅಂತ ಪರೀಕ್ಷಿಸಲು ಒಂದು ಟೂಲ್ ಕೊಟ್ಟಿದ್ದೆ. ಆ ಟೂಲ್‌ನ ವಿವರಣೆ ಇಷ್ಟೇ ಇತ್ತು: ‘ಟೆಸ್ಟ್ ಓಡಿಸುತ್ತದೆ.’

ಯಾವ ಟೆಸ್ಟ್ ಓಡಿಸಬೇಕು ಅಂತ ಆರಿಸುವ ಫಿಲ್ಟರ್‌ನಲ್ಲಿ ಏಜೆಂಟ್ ಟೆಸ್ಟ್ ಹೆಸರು ತಪ್ಪು ಹಾಕಿತು. ಒಂದೂ ಟೆಸ್ಟ್ ಸಿಗದೆ ಪೈಟೆಸ್ಟ್ (ಟೆಸ್ಟ್ ಓಡಿಸುವ ಪ್ರೋಗ್ರಾಂ) 5 ಅಂತ ಎಕ್ಸಿಟ್ ಕೋಡ್, ಅಂದರೆ ಕೊನೆಗೆ ಫಲಿತಾಂಶ ಹೇಳುವ ಸಂಖ್ಯೆ, ಕೊಟ್ಟಿತು. ಸೊನ್ನೆ ಅಲ್ಲ ಅಂದ್ರೆ ಫೇಲ್ ಅಂದುಕೊಂಡ ಏಜೆಂಟ್, ಸರಿಯಾಗೇ ಇದ್ದ ಕ್ವಿಂಟಲ್ ಲೆಕ್ಕವನ್ನು ಸುಮ್ನೆ ಕೆಡಿಸಿಟ್ಟಿತು! ಹೊರಗೆ ನಮ್ಮೂರ ಬಿಸಿಲು, ಒಳಗೆ ತಲೆಬಿಸಿ. ಎರಡು ಗಂಟೆ ಹೋಯಿತು.

ಆಮೇಲೆ ವಿವರಣೆ ಹೀಗೆ ಬದಲಿಸಿದೆ: ‘0 ಅಂದರೆ ಪಾಸ್. 1 ಅಂದರೆ ಟೆಸ್ಟ್ ಫೇಲ್, ಔಟ್‌ಪುಟ್ ಓದು. 5 ಅಂದರೆ ಟೆಸ್ಟೇ ಸಿಕ್ಕಿಲ್ಲ; ಕೋಡ್ ಮುಟ್ಟಬೇಡ, ಫಿಲ್ಟರ್ ಸರಿಮಾಡು. ಮೊದಲು ಒಂದೇ ಫೈಲ್ ಓಡಿಸು.’

ಮರುದಿನ ಮತ್ತೆ ಹೆಸರು ತಪ್ಪಿತು. ಈ ಸಲ 5 ನೋಡಿ ತಾನೇ ಹೆಸರು ತಿದ್ದಿಕೊಂಡಿತು. ಕ್ವಿಂಟಲ್ ಲೆಕ್ಕದ ತಂಟೆಗೆ ಹೋಗಲಿಲ್ಲ.